ಬಿಡದೆ ಉಳಿದ ಉಸಿರು

ಇದನ್ನು ನಾನು ಹೆಂಡತಿಗೂ ಹೇಳಿಲ್ಲ.

೧೯೭೪ರ ಏಪ್ರಿಲ್. ರಾಮದುರ್ಗದ ಕಡೆಯ ಒಂದು ದವಾಖಾನೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಒಂದು ಮಧ್ಯಾಹ್ನ ಸುರೇಬಾನದಿಂದ ಕೆಂಪವ್ವ ಎಂಬಾಕೆ ಬಂದಳು. ಮೂರು ತಿಂಗಳ ಕೆಮ್ಮು. ಒಂದು ಮಾತು ಮುಗಿಸುವುದರೊಳಗೆ ನಾಲ್ಕು ಸಲ ಕೆಮ್ಮುತ್ತಿದ್ದಳು. ಕ್ಷಯವಿರಬಹುದೆಂದು ಡಾಕ್ಟರು ಎದೆಯ ಫೋಟೊ ಬರೆದುಕೊಟ್ಟಿದ್ದರು.

ಅವಳನ್ನು ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿ, "ಉಸರ ಜಗ್ಗಿ ಹಿಡೀರಿ. ನಾ ಹೇಳೂತನಕ ಬಿಡಬ್ಯಾಡ್ರಿ" ಎಂದೆ. ಗುಂಡಿ ಒತ್ತುವಷ್ಟರಲ್ಲಿ ಕರೆಂಟು ಹೋಯಿತು. ಬೈದುಕೊಳ್ಳುತ್ತ ಹೊರಗೆ ಬಂದವನಿಗೆ ಕಂಪೌಂಡರ್ ಚಹಾ ಕೊಟ್ಟ. ಕುಡಿಯುತ್ತ ಅವಳನ್ನು ಮರೆತೇಬಿಟ್ಟೆ.

ಕಾಲು ಗಂಟೆಯ ಮೇಲೆ ಕರೆಂಟು ಬಂದಾಗ ನೆನಪಾಗಿ ಒಳಗೆ ಓಡಿದೆ. ಕೆಂಪವ್ವ ಹಾಗೆಯೇ ನಿಂತಿದ್ದಳು. ಕೆಮ್ಮಿಲ್ಲ, ಉಸಿರಿನ ಸದ್ದಿಲ್ಲ. ಹೊರಗೆ ಕೆಂಡದಂಥ ಬಿಸಿಲು. ಒಳಗೆ ಬೆರಳು ಮರಗಟ್ಟುವಷ್ಟು ಥಂಡಿ. ಹೇಗೋ ಗುಂಡಿ ಒತ್ತಿ, "ಬಿಡ್ರಿ" ಎಂದೆ.

ಉದ್ದಕ್ಕೆ ಉಸಿರು ಬಿಟ್ಟು, ಕೆಮ್ಮಿ, ಸೆರಗು ಸರಿಮಾಡಿಕೊಂಡಳು.

"ಬೆನ್ನ ಥಣ್ಣಗ ಆಗೇತ್ರಿ ಸಾಹೇಬ್ರ. ನನ್ನ ಹಿಂದ ನಿಂತಾಕಿಗೂ ಬಿಡು ಅಂತ ಹೇಳ್ರಿ. ಪಾಪ, ಇನ್ನೂ ಹಿಡಕೊಂಡಾಳ."

ಅವಳ ಹಿಂದೆ ಎಕ್ಸ್‌ರೇ ಯಂತ್ರ, ಅದರಾಚೆ ಸುಣ್ಣದ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಫಿಲ್ಮಿನಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಇತ್ತು, ಕ್ಷಯವೇ. ಒಂದೂವರೆ ವರ್ಷ ಇಂಜೆಕ್ಷನ್ನು, ಗುಳಿಗೆ ತಗೊಂಡು ಆಕೆ ಗಟ್ಟಿಯಾದಳೆಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ನಾನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದೆ.

ಆ ಗೋಡೆಯ ಕಡೆ ತಿರುಗಿ "ಬಿಡ್ರಿ" ಎನ್ನಲು ಅಂದು ನನಗೆ ಬಾಯಿ ಬರಲಿಲ್ಲ. ಆ ಮಾತು ಇವತ್ತಿಗೂ ಹೇಳದೆ ಉಳಿದಿದೆ.