ಏದುಸಿರಿಗೆ ಎಷ್ಟು ನಂಬರು

ಆಸ್ಪತ್ರೆಯ ವ್ಯಾಯಾಮದ ಸೈಕಲ್ಲಿನ ಎದುರಿನ ಸ್ಟೂಲಿನಲ್ಲಿ ಇಂದು ಮುಖೇಶ್ ಇರಲಿಲ್ಲ. ಗೇವಿನ್ ಎಂಬ ಹೊಸ ಥೆರಪಿಸ್ಟ್ ಕೂತಿದ್ದ. ಮುಖೇಶ್ ಕೋಣೆಯ ಆಚೆ ತುದಿಯಲ್ಲಿ, ಸೈಕಲ್ ತುಳಿಯುತ್ತಿದ್ದ ಅಶ್ಮಿತಾಳಿಗೆ ಬೆನ್ನು ಹಾಕಿ ಕಂಪ್ಯೂಟರ್ ನೋಡುತ್ತಿದ್ದ.

ಬೇಕೆಂದೇ ದೂರ ಸರಿದನೇ? ಅನುಮಾನ ಅವಳಿಗೆ ಹೊಸದಲ್ಲ. ಬಿಜೈಯ ವಿಮಾ ಕಚೇರಿಯಲ್ಲಿ ಅವಳ ಕೆಲಸವೇ ಕ್ಲೇಮುಗಳಲ್ಲಿ ಸುಳ್ಳು ಹುಡುಕುವುದು. ಜ್ವರವೊಂದು ಹೃದಯವನ್ನು ಸೋಲಿಸಿ ಹೋದ ಮೇಲಂತೂ, ತನ್ನೊಂದಿಗೆ ಮೃದುವಾಗಿ ಮಾತಾಡುವ ಎಲ್ಲರ ಮೇಲೂ ಒಂದು ಕಣ್ಣು.

ಅತ್ತಾವರದ ಈ ಆಸ್ಪತ್ರೆಯಲ್ಲಿ ನಡೆಯುತ್ತಿದ್ದುದು ಒಂದು ಪ್ರಯೋಗ. ದುರ್ಬಲ ಹೃದಯದವರ ಬೆನ್ನಿಗೆ ಪ್ಯಾಚ್ ಅಂಟಿಸಿ, ಬೆನ್ನುಹುರಿಗೆ ಸಣ್ಣ ಕರೆಂಟು ಕೊಡುತ್ತ ಸೈಕಲ್ ತುಳಿಸುವುದು. ದಣಿದ ಕಾಲುಗಳು ಮೆದುಳಿಗೆ ಕಳಿಸುವ ದೂರನ್ನು ಕರೆಂಟು ತಗ್ಗಿಸಿದರೆ ಏದುಸಿರು ಕಡಿಮೆಯಾದೀತೇ ಎಂದು ನೋಡುವುದು. ಕರೆಂಟು ಯಾವ ದಿನ ಇರುತ್ತದೆಂದು ತುಳಿಯುವವರಿಗೂ ಗೊತ್ತಿಲ್ಲ, ಎದುರು ಕೂತು ಕೇಳುವವರಿಗೂ ಗೊತ್ತಿಲ್ಲ.

ಇಷ್ಟು ದಿನ ಕೇಳುತ್ತಿದ್ದವನು ಮುಖೇಶ್. "ಉಸಿರು ಎಷ್ಟು ಕಷ್ಟ ಉಂಟು? ಹತ್ತರಲ್ಲಿ ಹೇಳಿ." ಆಗ ಅವನ ಒಂದು ಹುಬ್ಬು ಮೇಲೇರುತ್ತಿತ್ತು; ಅವಳು ಉತ್ತರಿಸುವ ತನಕ ಇಳಿಯುತ್ತಿರಲಿಲ್ಲ.

"ಮೂರು" ಎಂದು ಅವಳು ನಗುತ್ತಿದ್ದಳು.

ಇಂದು ಗೇವಿನ್ ಕೇಳಿದಾಗ "ಏಳು" ಎಂದಳು. ಆಚೆ ತುದಿಯ ಬೆನ್ನು ಅಲುಗಲಿಲ್ಲ.

ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಗೇಟಿನ ಹೊರಗೆ ಅವಳು ಕಾದು ನಿಂತಳು. ಮುಖೇಶ್ ಬ್ಯಾಗು ಹೆಗಲಿಗೇರಿಸಿ ಬಂದ.

"ನನ್ನ ಫೈಲು ಓದಿ ಹೆದರಿದ್ರಾ?"

"ಎಂತದಕ್ಕೆ?"

"ಅಮ್ಮ ನೋಡಿದ ಸಂಬಂಧದವರೆಲ್ಲ ಫೈಲು ಓದಿಯೇ ಓಡಿದ್ದು. ನೀವು ಓಡ್ಲಿಲ್ಲ, ತಿರುಗಿ ಕೂತ್ರಿ. ಅಷ್ಟೇ ವ್ಯತ್ಯಾಸ."

"ಗೇವಿನ್‌ಗೆ ಎಷ್ಟು ಹೇಳಿದ್ರಿ ಇವತ್ತು?"

"ಏಳು."

"ನನಗೆ ಯಾವಾಗ್ಲೂ ಮೂರು. ತುಟಿ ನೀಲಿ ಆದಾಗಲೂ ಮೂರು."

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು. ಬೇರೆಯವರ ಕ್ಲೇಮಾಗಿದ್ದರೆ ಇದನ್ನು ಮೊದಲ ನೋಟಕ್ಕೇ ಹಿಡಿಯುತ್ತಿದ್ದಳು.

"ಆ ಮೂರನ್ನು ನಂಬಿ ನಾವು ಸೈಕಲ್ಲಿನ ಲೋಡ್ ಏರಿಸ್ತಾ ಹೋದ್ರೆ ನಿಮ್ಮ ಗತಿ ಎಂತ ಮಾರಾಯ್ತಿ? ನಾನು ಎದುರಿದ್ರೆ ಇವರು ಸರಿ ಹೇಳುದಿಲ್ಲ ಅಂತ ಡಾಕ್ಟ್ರಿಗೆ ಹೇಳಿ ಜಾಗ ಬಿಟ್ಟೆ."

"ಯಾಕೆ ಅಂತ ಅವರು ಕೇಳ್ಲಿಲ್ವಾ?"

"ಕೇಳಿದ್ರು." ಅವನು ರಸ್ತೆಯ ಕಡೆ ನೋಡಿದ. "ಅಶ್ಮಿತಾ ಅವರಿಗೆ ನನ್ನ ಮೇಲೆ ಇಷ್ಟ ಇರ್ಬಹುದು, ನನಗಂತೂ ಉಂಟು ಅಂದೆ."

"ಡಾಕ್ಟ್ರ ಹತ್ರ?"

"ನಿಮ್ಮ ಹತ್ರ ಹೇಳ್ಲಿಕ್ಕೆ ಧೈರ್ಯ ಬೇಕಲ್ಲ."

ಕಿವಿ ಬಿಸಿಯಾದರೂ ಅವಳ ಸಂಶಯ ಬಿಡಲಿಲ್ಲ. "ಪಾಪ ಅಂತ ಅಲ್ವಾ ಇದು?"

"ಪಾಪ ಅಂತ ಆಗಿದ್ರೆ ಅಲ್ಲೇ ಕೂತು ಮೂರು ಅಂತಲೇ ಬರ್ಕೊಳ್ತಿದ್ದೆ."

ಆ ಮಾತಿನಲ್ಲಿ ಅವಳು ಸುಳ್ಳು ಹುಡುಕಿದಳು. ತಿರುಗಿಸಿ ನೋಡಿದಳು. ಸಿಗಲಿಲ್ಲ.

ಬಸ್ಸು ನಿಲ್ಲುವಲ್ಲಿಗೆ ರಸ್ತೆ ಏರುತ್ತ ಹೋಗುತ್ತದೆ. ಇಬ್ಬರೂ ಜೊತೆಗೆ ಹೊರಟರು. ಅರ್ಧ ಏರುವಷ್ಟರಲ್ಲಿ ಅವಳ ಎದೆ ಭಾರವಾಯಿತು. ಯಾರಾದರೂ ಜೊತೆಗಿದ್ದರೆ ಅವಳು ಇಂಥಲ್ಲಿ ಮೊಬೈಲು ತೆಗೆದು ಮೆಸೇಜು ಓದುವವಳಂತೆ ನಿಲ್ಲುತ್ತಿದ್ದಳು. ಇಂದು ಮೊಬೈಲು ತೆಗೆಯಲಿಲ್ಲ.

"ನಿಲ್ಲಿ. ನನಗೆ ಆಗ್ತಾ ಇಲ್ಲ."

ಅವನು ನಿಂತ. ಅವಳು ಅವನ ತೋಳು ಹಿಡಿದು, ಬಾಯಿ ತೆರೆದು, ದಾರಿಯವರೆಲ್ಲ ನೋಡುತ್ತಿರುವಾಗಲೇ, ಏದುಸಿರು ಬಿಟ್ಟಳು. ಅವನ ಮುಖವನ್ನೇ ನೋಡುತ್ತ.