ಒಂದೂರಿಗೆ ಒಬ್ಬರೇ ಡಾಕ್ಟರು

"ಬಾಯಿ ತೆಗೀರಿ. ಆ ಅನ್ನಿ."

ಬೆಂಚಿನ ಕೊನೆಯಲ್ಲಿ ಕುಳಿತಿದ್ದವನು ವಿಧೇಯನಾಗಿ ಬಾಯಿ ತೆರೆದ. ಅವಳು ಟಾರ್ಚಿನ ಬೆಳಕು ಬಿಟ್ಟು ಗಂಟಲು ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು.

"ಏನ್ರೀ ತೊಂದರೆ?"

"ಏನಿಲ್ಲ. ನಾನು ಹೊಸ ಡಾಕ್ಟರು. ನಿಮ್ಮಿಂದ ಡ್ಯೂಟಿ ತಗೊಳ್ಳೋಕೆ ಬಂದೆ."

"ಮೊದಲೇ ಹೇಳೋಕೇನಾಗಿತ್ತು?"

"ನೀವು ಅಷ್ಟು ಹತ್ತಿರ ಬಂದು ನೋಡ್ತಿದ್ರಿ. ಹೇಳೋಕೆ ಮನಸ್ಸಾಗ್ಲಿಲ್ಲ."

ಅವಳ ಕಿವಿಯವರೆಗೂ ಕೆಂಪೇರಿತು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ನರ್ಸ್, ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡರು.

ಗಣಿಯ ಪಕ್ಕದ ಆ ಊರಿಗೆ ಬಹಳ ವರ್ಷ ಡಾಕ್ಟರೇ ಇರಲಿಲ್ಲ. ಹೆರಿಗೆ ನೋವು ಬಂದವರು ಬಸ್ಸಿನಲ್ಲೇ ಪ್ರಾಣ ಬಿಟ್ಟದ್ದೂ ಉಂಟು. ಕೊನೆಗೆ ಎರಡು ಮೆಡಿಕಲ್ ಕಾಲೇಜುಗಳು ಕೈಜೋಡಿಸಿ, ತರಬೇತಿಯಲ್ಲಿದ್ದ ತಮ್ಮ ಡಾಕ್ಟರುಗಳನ್ನು ಸರದಿಯ ಮೇಲೆ ಕಳಿಸತೊಡಗಿದವು. ಒಂದರಿಂದ ಅವಳು, ಇನ್ನೊಂದರಿಂದ ಅವನು. ಒಬ್ಬರು ಬಂದರೆ ಇನ್ನೊಬ್ಬರು ಹೊರಡಬೇಕು.

ಹಾಗಾಗಿ ಅವರ ಪ್ರೀತಿಗೆ ಸಿಕ್ಕಿದ್ದು ಸರದಿ ಬದಲಾಗುವ ಬೆಳಗುಗಳಷ್ಟೇ. ರೋಗಿಗಳನ್ನು ಒಪ್ಪಿಸುವ ನೆಪದಲ್ಲಿ ಹಾಸಿಗೆಯಿಂದ ಹಾಸಿಗೆಗೆ ಜೊತೆಯಾಗಿ ನಡೆಯುವರು. "ಈ ಅಜ್ಜನಿಗೆ ಮಾತ್ರೆ ಅಂದ್ರೆ ಮುನಿಸು, ಪುಸಲಾಯಿಸ್ಬೇಕು" ಎಂದು ಅವಳು ಹೇಳುವಾಗ ಅವನ ಕಣ್ಣು ಅಜ್ಜನ ಮೇಲೆ ಇರುತ್ತಲೇ ಇರಲಿಲ್ಲ.

"ಇರೋದು ನಾಲ್ಕು ಹಾಸಿಗೆ. ಎಷ್ಟು ಹೊತ್ತು ಒಪ್ಪಿಸ್ತೀರಪ್ಪಾ?" ಎಂದು ದೊಡ್ಡಕ್ಕ ಕಾಲೆಳೆಯುವರು.

ತರಬೇತಿ ಮುಗಿಯಿತು. ಕಾಲೇಜುಗಳು ಮತ್ತೆ ಕೂತು ಮಾತಾಡಿದವು. ಅವಳು ಇಲ್ಲೇ ಕಾಯಂ. ಅವನು ದೂರದ ದ್ವೀಪವೊಂದಕ್ಕೆ. ಅಲ್ಲೂ ಡಾಕ್ಟರಿಲ್ಲ.

ಅವನು ತನ್ನ ಪ್ರೊಫೆಸರ್ ಮುಂದೆ ನಿಂತು ಬೇಡಿಕೊಂಡ. "ಇಬ್ಬರನ್ನೂ ಒಂದೇ ಕಡೆ ಹಾಕಿ, ಮೇಡಂ."

"ಹಾಕ್ತೀನಿ. ಯಾವ ಊರನ್ನ ಖಾಲಿ ಬಿಡ್ಲಿ, ನೀನೇ ಹೇಳು."

ಆಕೆಯ ದನಿಯಲ್ಲಿ ಗದರಿಕೆ ಇರಲಿಲ್ಲ. ಅವನು ಕೈಮುಗಿದು ಹೊರಗೆ ಬಂದ.

ಹೊರಡುವ ದಿನ ಅವಳು ಆಸ್ಪತ್ರೆಯೆದುರಿನ ಬಸ್ ಸ್ಟಾಪಿನವರೆಗೆ ಬಂದಳು.

"ಕೆಲಸ ಬಿಟ್ಟು ಬಂದ್ಬಿಡ್ತೀನಿ," ಎಂದ.

"ಬಾ. ಆಮೇಲೆ ಅಲ್ಲಿ ಯಾವಳಾದ್ರೂ ಬಸುರಿ ದೋಣೀಲೇ ಪ್ರಾಣ ಬಿಟ್ಲು ಅಂತ ಗೊತ್ತಾದ್ರೆ, ನಾವಿಬ್ರೂ ಎದುರುಬದುರು ಕೂತು ಊಟ ಮಾಡೋಕಾಗುತ್ತಾ?"

ಅವನು ಬ್ಯಾಗನ್ನು ಹೆಗಲಿಗೇರಿಸಿದ. ಮುಂದೆ ಬದಲಿ ಡಾಕ್ಟರು ಬರುವ ಸುಳಿವು ಎರಡೂ ಊರಿಗಿರಲಿಲ್ಲ. ಅವಳು ಅವನ ಮಡಚಿದ ಕಾಲರ್ ಸರಿಮಾಡಿದಳು. ಸರಿಯಾದ ಮೇಲೂ ಕೈ ತೆಗೆಯಲಿಲ್ಲ. ದೂರದಲ್ಲಿ ಬಸ್ಸು ಕಾಣಿಸಿತು.

"ನನಗೋಸ್ಕರ ಕಾಯ್ತೀಯಾ?"

"ನಿಜ ಹೇಳ್ಲಾ, ಸುಳ್ಳು ಹೇಳ್ಲಾ?"

"ನಿಜ ಕೇಳಿದ್ರೆ ಬಸ್ ಹತ್ತೋಕಾಗಲ್ಲ. ಸುಳ್ಳೇ ಹೇಳು."

"ಕಾಯಲ್ಲ. ಹೋಗು."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ದೊಡ್ಡಕ್ಕ ಬಾಗಿಲಿಗೆ ಬಂದರು. ಒಳಗೆ ಮಗುವೊಂದು ಜೋರಾಗಿ ಅಳತೊಡಗಿತ್ತು.

ಅವಳು ಮುಖ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಂಡಳು.

"ಅಳಬೇಡ ಕಂದಾ. ಎಲ್ಲಿ ನೋವು, ಹೇಳು."