ಪಿಮೆಂಟೊ ಇದ್ದ ಜಾಗ

"ಪೆನ್ಸಿಲ್‌ನಷ್ಟು ಇರೋ ಹಾವಿಗೆ ಫುಟ್‌ಬಾಲ್ ಮೈದಾನ ಬೇಕಾ ಮೇಡಂ?" ಎಂದು ಗ್ರೇಡಿ ನಕ್ಕುಬಿಟ್ಟ.

ಅದು ಅವರ ಮೊದಲ ಭೇಟಿ. ಸೌತ್ ಕೆರೊಲಿನಾದ ಆ ಪುಟ್ಟ ಊರಿನಲ್ಲಿ ಅವನು ಸಾಕುಹಾವುಗಳಿಗೆ ಮರದ ಗೂಡು ಮಾಡುವ ಬಡಗಿ. ಡೆಲೇನಿ ಶಾಲಾ ಬಸ್ ಓಡಿಸುವವಳು. ಅವಳ ಅಂಗೈಯಲ್ಲಿ ಕಿತ್ತಳೆ ಬಣ್ಣದ, ವಿಷವಿಲ್ಲದ ಕಾರ್ನ್ ಸ್ನೇಕ್ ಜಾತಿಯ ಹಾವಿನ ಮರಿ ಪಿಮೆಂಟೊ ಸುರುಳಿ ಸುತ್ತಿ ಕೂತಿತ್ತು. ಕುತ್ತಿಗೆಯ ಹಿಂದೆ ಎರಡು ಕಲೆಗಳು ಅಂಟಿಕೊಂಡು ಎಂಟರ ಅಂಕಿಯಾಗಿದ್ದವು. ಅದಕ್ಕೆ ನಾಲ್ಕಡಿಯ ಗಾಜಿನ ಬಾಗಿಲಿನ ಗೂಡೇ ಬೇಕೆಂದು ಅವಳ ಹಟ.

"ಜಾಗ ಜಾಸ್ತಿ ಇದ್ರೆ ಖುಷಿಯಾಗಿರಲ್ವಾ?"

"ಬಯಲು ಕಂಡ್ರೆ ಮರಿ ಹೆದರತ್ತೆ, ಊಟಾನೇ ಬಿಡತ್ತೆ. ಈಗ ಮುಚ್ಚಳಕ್ಕೆ ಕ್ಲಿಪ್ ಇರೋ ಸಣ್ಣ ಡಬ್ಬ ಸಾಕು. ಒಂದು ಕಡೆ ಬೆಚ್ಚಗೆ, ಒಂದು ಕಡೆ ತಣ್ಣಗೆ, ಎರಡೂ ಕಡೆ ಅಡಗಿಕೊಳ್ಳೋಕೆ ಒಂದೊಂದು ಮೂಲೆ. ಬೆಳೀಲಿ, ಆಮೇಲೆ ಅರಮನೆ ನಾನೇ ಕಟ್ಕೊಡ್ತೀನಿ."

"ಆ ಅರಮನೇಲಿ ನಂಗೂ ಒಂದು ಮೂಲೆ ಸಿಗತ್ತಾ?"

ಗ್ರೇಡಿಯ ಕಿವಿ ಕೆಂಪಾಯಿತು. ಅವನು ಅಂಗಿಯ ಮೇಲಿನ ಮರದ ಪುಡಿ ಕೊಡವಿಕೊಂಡ.

ಡೆಲೇನಿ ಯಾರ ಮಾತು ತಾನೇ ಕೇಳಿದ್ದಳು! ಚಿಕ್ಕಮ್ಮನ ಹಳೆಯ ಮೀನಿನ ತೊಟ್ಟಿಯಲ್ಲಿ ಮರಿಯನ್ನು ಬಿಟ್ಟು, ಜಾಲರಿ ಮುಚ್ಚಿ, ಮೇಲೊಂದು ದಪ್ಪ ಅಡುಗೆ ಪುಸ್ತಕ ಹೇರಿದಳು. ಮೂರನೇ ದಿನ ಪುಸ್ತಕ ಇದ್ದಲ್ಲೇ ಇತ್ತು, ಪಿಮೆಂಟೊ ಇರಲಿಲ್ಲ.

ಅಳುತ್ತಾ ಫೋನ್ ಮಾಡಿದ್ದು ಗ್ರೇಡಿಗೇ. ಅವನು ಒಂದು ಮಾತೂ ಬೈಯಲಿಲ್ಲ. ಅವಳ ಮನೆಗೆ ಬಂದು ಗೋಡೆಯುದ್ದಕ್ಕೂ ನೆಲದ ಮೇಲೆ ಮೈದಾಹಿಟ್ಟು ಉದುರಿಸಿದ. ಹಾವು ಹರಿದರೆ ಹಿಟ್ಟಿನಲ್ಲಿ ಗೆರೆ ಮೂಡುತ್ತದೆ, ಹಾವು ಸಾಕಿದವರೆಲ್ಲ ಮಾಡುವುದು ಹೀಗೆಯೇ. ಡೆಲೇನಿ ತನ್ನ ಮನೆಯ ಕೀಲಿಯನ್ನೂ ಅವನಿಗೇ ಕೊಟ್ಟಳು. ಅವಳು ಬಸ್ ಓಡಿಸಲು ಹೋದಾಗ ಅವನು ಹುಡುಕುತ್ತಿದ್ದ, ಸಂಜೆ ಮತ್ತೆ ಬಂದು ಹೊಸ ಹಿಟ್ಟು ಹಾಕುತ್ತಿದ್ದ.

"ನಿನ್ನ ಮೂಗಿಗೂ ಹಾಕ್ಕೊಂಡಿದ್ದೀಯಲ್ಲೋ," ಎಂದು ಒಂದು ಸಂಜೆ ಅವಳು ಹೆಬ್ಬೆರಳಿನಿಂದ ಒರೆಸಿದಳು. ಅವನು ಕಣ್ಣು ಮಿಟುಕಿಸದೆ ನೋಡಿದ. ಅವನ ಕೈಯ ಟಾರ್ಚ್ ನೆಲದ ಮೇಲೆ ಉರುಳಿತು. ಹುಡುಕಾಟದ ಹತ್ತನೇ ದಿನದ ಆ ಮೊದಲ ಮುತ್ತಿನ ನಡುವೆಯೇ ಅವಳಿಗೆ ಅಳು ಬಂತು.

"ನಾನೇ ಕೊಂದೆ ಕಣೋ ಅದನ್ನ. ನನ್ನ ಕೈಯಾರೆ."

"ಹಾಗನ್ಬೇಡ," ಎಂದು ಅವನು ತಲೆ ಸವರಿದ.

ಇಪ್ಪತ್ತನೇ ದಿನ ಭಾನುವಾರ. ಚರ್ಚ್ ಮುಗಿಸಿಕೊಂಡು ಡೆಲೇನಿ ಪೆಕಾನ್ ಪೈ ಎಂಬ ಸಿಹಿತಿಂಡಿ ಹಿಡಿದು, ಹೇಳದೆ ಕೇಳದೆ ಅವನ ಮನೆಗೆ ಹೋದಳು. ನಿನ್ನ ಪ್ರೀತಿಸ್ತೀನಿ ಎಂದು ಇವತ್ತು ಹೇಳಿಯೇಬಿಡುವುದು ಎಂದುಕೊಂಡಿದ್ದಳು. ಹಿಂಬಾಗಿಲು ತೆರೆದಿತ್ತು. ಕಿಟಕಿಯಿಂದ ದೂರ, ನೆರಳಿನ ಗೋಡೆಗೆ ಒರಗಿ ಹೊಸ ಗೂಡೊಂದು ನಿಂತಿತ್ತು.

ನಾಲ್ಕಡಿಯದು. ಗಾಜಿನ ಬಾಗಿಲು, ಬೀಗ. ಒಳಗೆ ಅಡ್ಡಲಾಗಿ ಒಂದು ಹಲಗೆ. ಸದ್ಯಕ್ಕೆ ಒಂದು ಮೂಲೆಯಷ್ಟೇ ಮರಿಗೆ, ಬೆಳೆದಂತೆ ಹಲಗೆ ಸರಿಸಿದರಾಯಿತು. ಎಷ್ಟು ಯೋಚಿಸಿ ಮಾಡಿದ್ದಾನೆ ಎಂದು ಅವಳ ಎದೆ ತುಂಬಿ ಬಂತು. ಅಷ್ಟರಲ್ಲಿ ಮರದ ತೊಗಟೆಯ ಕೆಳಗಿನಿಂದ ಕಿತ್ತಳೆ ತಲೆಯೊಂದು ಹೊರಬಂತು. ಕುತ್ತಿಗೆಯ ಹಿಂದೆ ಎಂಟರ ಕಲೆ.

ಅವಳು ಪೈ ತಟ್ಟೆಯನ್ನು ಮೇಜಿನ ಮೇಲಿಟ್ಟು ತಿರುಗಿದಳು. ಗ್ರೇಡಿ ಬಾಗಿಲಲ್ಲಿ ನಿಂತಿದ್ದ.

"ಯಾವಾಗ ಸಿಕ್ತು?"

"ಹುಡುಕೋಕೆ ಶುರು ಮಾಡಿದ ಎರಡನೇ ದಿನ. ನಿನ್ನ ಫ್ರಿಜ್ ಹಿಂದೆ, ಮೋಟರ್ ಹತ್ರ ಬೆಚ್ಚಗೆ ಮಲಗಿತ್ತು."

"ಮತ್ತೆ ದಿನಾ ಹಿಟ್ಟು ಚೆಲ್ತಿದ್ದೆಯಲ್ಲ, ಅದು ಯಾರಿಗೆ?"

"ಸಿಕ್ತು ಅಂದ್ರೆ ನೀನು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕ್ಕೋತಿದ್ದೆ, ಡೆಲೇನಿ. ಇನ್ನೊಂದೇ ಒಂದು ಸಂಜೆ ಅನ್ಕೊಂಡೆ. ಆಮೇಲೆ ಹೇಳೋಕೆ ಧೈರ್ಯ ಆಗ್ಲಿಲ್ಲ. ನಿನ್ನ ಪ್ರೀತಿಸ್ತೀನಿ, ದೇವರಾಣೆ."

ಅವಳು ಹೇಳಬೇಕೆಂದು ಬಂದಿದ್ದ ಮಾತನ್ನು ಅವನೇ ಹೇಳಿಬಿಟ್ಟ. ಅದನ್ನು ಕೇಳಿ ಅವಳಿಗೆ ಸಿಟ್ಟು ಉಕ್ಕಿತು.

"ಕೊಂದೆ ಅಂತ ನಿನ್ನ ಭುಜದ ಮೇಲೆ ಬಿದ್ದು ಅತ್ತೆ ಕಣೋ! ಅದು ಇಲ್ಲಿ ತಿಂದ್ಕೊಂಡು ಬೆಳೀತಿತ್ತು. ನೀನು ಅಲ್ಲಿ ನನ್ನ ತಲೆ ಸವರ್ತಿದ್ದೆ. ಥೂ, ನಾಚಿಕೆ ಆಗ್ಲಿಲ್ವಾ?"

"ಆಯ್ತು. ದಿನಾ ಆಯ್ತು."

ಅವನು ಪಿಮೆಂಟೊವನ್ನು ದಿಂಬಿನ ಚೀಲಕ್ಕಿಳಿಸಿ ಗಂಟು ಹಾಕಿಕೊಟ್ಟ. ಆ ಗೂಡು ತನಗೆ ಬೇಡ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮರಿಗೆ ಅದಕ್ಕಿಂತ ತಕ್ಕ ಜಾಗ ಜಿಲ್ಲೆಯಲ್ಲೇ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಇಬ್ಬರೂ ಗೂಡನ್ನು ಎತ್ತಿ ಅವಳ ಪಿಕಪ್ ಗಾಡಿಯ ಹಿಂದಕ್ಕೇರಿಸಿದರು.

"ಜಾಗ ಬದಲಾಗಿದೆ, ಒಂದು ವಾರ ಮುಟ್ಬೇಡ. ಆಮೇಲೇ ಊಟ ಇಡು," ಎಂದ ಗ್ರೇಡಿ. "ತಿಂದ್ರೆ ಒಂದು ಮಾತು ತಿಳಿಸ್ತೀಯಾ?"

"ನನ್ನ ಮನೆ ಕೀಲಿ ಕೊಡು," ಎಂದಳು ಡೆಲೇನಿ.

ಅವನು ಕೊಟ್ಟ.

ಒಂದು ವಾರ ಅವಳು ಮುಟ್ಟಲಿಲ್ಲ. ಎಂಟನೇ ದಿನ ಬಸ್ ನಿಲ್ಲಿಸಿ ಬಂದು, ಫ್ರೀಜರಿನಲ್ಲಿಟ್ಟಿದ್ದ ಸತ್ತ ಇಲಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗಾಗಿಸಿ ಚಿಮುಟದಲ್ಲಿ ಹಿಡಿದಳು. ಪಿಮೆಂಟೊ ಬಂತು, ನಾಲಿಗೆ ಚಾಚಿತು, ಫಕ್ಕನೆ ಕಚ್ಚಿತು. ಅವಳು ಸಂತೋಷ ತಾಳಲಾರದೆ ಫೋನ್ ಎತ್ತಿಕೊಂಡಳು. ಈ ಸುದ್ದಿ ಹೇಳಲು ಇಡೀ ಊರಿನಲ್ಲಿ ಅವಳಿಗೆ ಬೇಕಾಗಿದ್ದವನು ಅವನೊಬ್ಬನೇ. ಅವನ ಹೆಸರನ್ನು ನೋಡುತ್ತಾ ಬಹಳ ಹೊತ್ತು ನಿಂತಳು.

ಆಮೇಲೆ ಫೋನ್ ಕೆಳಗಿಟ್ಟು, ಯಾರೂ ಇಲ್ಲದ ಅಡುಗೆಮನೆಗೆ ಕೇಳುವಂತೆ ಅಳುತ್ತಾ ಹೇಳಿದಳು.

"ತಿಂತು ಕಣೋ, ಹಾಳಾದವನೇ. ತಿಂತು."